ಡೈಪರ್ ತೆರಿಗೆ ಇಳಿದರೂ ಮನೆ ಲೆಕ್ಕ ಕೂಡ್ತಿಲ್ಲ: ಪಂಚಾಯಿತಿಯ ಶೇ. 5ರ ಹಣ ಇದಕ್ಕೆ ಯಾಕಿಲ್ಲ?

ಹಾವೇರಿ: 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಟಿ.ವಿ., ಬೈಕು, ಸೋಪು, ತುಪ್ಪದ ಬಗ್ಗೆ ಎಲ್ಲರೂ ಮಾತಾಡಿದರು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು. ಮಕ್ಕಳ ನ್ಯಾಪ್ಕಿನ್ ಮತ್ತು ರೋಗಿಗಳಿಗೆ ಹಾಕುವ ಡೈಪರ್ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಇದರ ಬಗ್ಗೆ ನಮ್ಮ ಕಡೆ ಯಾರೂ ಪಟಾಕಿ ಹೊಡೆಯಲಿಲ್ಲ. ಯಾಕಂದ್ರೆ ದೊಡ್ಡವರ ಡೈಪರ್ ಕೊಳ್ಳುವ ಮನೆಯವರು ಅದನ್ನ ಕೊಳ್ತೀವಿ ಅಂತಲೇ ಹೇಳಿಕೊಳ್ಳೋದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ದನಿ ತಗ್ಗಿಸಿ ಕೇಳ್ತಾರೆ, ಕಪ್ಪು ಕವರ್‌ನಲ್ಲಿ ಹಾಕಿಸಿಕೊಂಡು ಹೋಗ್ತಾರೆ.

ತೆರಿಗೆ ಇಳಿದಿದ್ದರಿಂದ ಎಷ್ಟು ಉಳೀತು? ಈಗ 35 ರೂಪಾಯಿ ಬೀಳುವ ಒಂದು ಡೈಪರ್ ಹಳೇ ತೆರಿಗೆಯಲ್ಲಿ ಸುಮಾರು 37 ರೂಪಾಯಿ 33 ಪೈಸೆ ಆಗುತ್ತಿತ್ತು. ದಿನಕ್ಕೆ ಮೂರು ಬಳಸುವ ಮನೆಗೆ ದಿನಕ್ಕೆ 7 ರೂಪಾಯಿ, ತಿಂಗಳಿಗೆ 210 ರೂಪಾಯಿ ಉಳಿತಾಯ. ಅಂಗಡಿಯವರು ಕಡಿತವನ್ನು ಪೂರ್ತಿ ಗ್ರಾಹಕರಿಗೆ ಬಿಟ್ಟುಕೊಟ್ಟರೆ ಮಾತ್ರ ಈ ಲೆಕ್ಕ. ದಿನಕ್ಕೆ 7 ರೂಪಾಯಿ ಅಂದ್ರೆ ಹೋಟೆಲ್‌ನಲ್ಲಿ ಒಂದು ಚಹಾ ಕೂಡ ಬರಲ್ಲ. ಸಿಕ್ಕಿದ್ದು ಬೇಡ ಅಂತಲ್ಲ. ಆದರೆ ಉಳಿದ 3,150 ರೂಪಾಯಿ ಎಲ್ಲಿಂದ ತರೋದು ಅನ್ನೋದು ನಿಜವಾದ ಪ್ರಶ್ನೆ.

ಯಾರ ಮನೆಯ ಸಮಸ್ಯೆ ಇದು?

ಮೂತ್ರ ಅಥವಾ ಮಲ ತಡೆದುಕೊಳ್ಳಲು ಆಗದೆ ಬಟ್ಟೆಯಲ್ಲೇ ಹೋಗಿಬಿಡುವ ತೊಂದರೆ ಬರೀ ವಯಸ್ಸಾದವರದ್ದು ಅಂತ ಅಂದುಕೊಂಡಿದ್ದೇವೆ. ಹಾಗಿಲ್ಲ. ಲಕ್ವ ಹೊಡೆದವರು, ಬೈಕ್ ಅಪಘಾತದಲ್ಲಿ ಇಲ್ಲವೇ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗರು, ಶುಗರ್ ಹತೋಟಿಯಲ್ಲಿ ಇಲ್ಲದವರು, ಪ್ರಾಸ್ಟೇಟ್ ಗ್ರಂಥಿ ಊದಿದ ಗಂಡಸರು, ಮರೆವಿನ ಕಾಯಿಲೆ ಇರುವವರು ಎಲ್ಲರೂ ಇದರಲ್ಲಿ ಬರ್ತಾರೆ. ಹೆಣ್ಮಕ್ಕಳಲ್ಲಿ ಹೆರಿಗೆ ಆದ ಮೇಲೆ ಕೆಳಹೊಟ್ಟೆಯ ಸ್ನಾಯು ಸಡಿಲಾಗಿ, ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಹನಿ ಹನಿ ಹೋಗುವುದು ಬಹಳ ಸಾಮಾನ್ಯ. ಮೂವತ್ತು ದಾಟದವರಿಗೂ ಆಗುತ್ತೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಮಕ್ಕಳನ್ನೋ, ಹತ್ತಿ ಬಿಡಿಸಲು ಹೊಲಕ್ಕೆ ಹೋಗುವವರನ್ನೋ ನೆನೆಸಿಕೊಳ್ಳಿ. ಹತ್ತಿರ ಶೌಚಾಲಯ ಇಲ್ಲ ಅಂದ್ರೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರೋದು ಅವರ ಉಪಾಯ. ಸೋರುವ ತೊಂದರೆ ಇದ್ದವರಂತೂ ಇನ್ನೂ ಕಡಿಮೆ ಕುಡೀತಾರೆ. ಇದು ತಿರುಗುಬಾಣ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನ ಕೆರಳಿಸುತ್ತೆ, ಉರಿಮೂತ್ರ ಬರುತ್ತೆ, ಮಲಬದ್ಧತೆ ಆಗುತ್ತೆ, ಸೋರಿಕೆ ಇನ್ನೂ ಹೆಚ್ಚಾಗುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ. ಆದರೆ ಎರಡು ತಾಸು ತಡೆದುಕೊಂಡು ಕೂರಲು ಆಗದ ಹೆಣ್ಮಗಳಿಗೆ ಪುಕ್ಕಟೆ ಬಸ್ಸು ಹತ್ತೋಕೂ ಧೈರ್ಯ ಬರಲ್ಲ. ಮದುವೆ, ಜಾತ್ರೆ, ಸಂಘದ ಸಭೆ ಒಂದೊಂದಾಗಿ ಬಿಟ್ಟು ಹೋಗುತ್ತವೆ.

ತಿಂಗಳ ಲೆಕ್ಕ

ಒಂದು ಬಡ ಕುಟುಂಬದ ಲೆಕ್ಕ ಹಾಕೋಣ. ಮನೆಯಲ್ಲಿ 68 ವರ್ಷದ ಅತ್ತೆ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಸೊಸೆ ಕೂಲಿ ಕೆಲಸ ಬಿಟ್ಟು ನೋಡಿಕೊಳ್ತಿದ್ದಾರೆ.

ಅತ್ತೆಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತೆ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ. ಎರಡೂ ಸೇರಿ 3,200. ದಿನಕ್ಕೆ ಮೂರು ಡೈಪರ್, ಒಂದಕ್ಕೆ 35 ರೂಪಾಯಿಯಂತೆ ತಿಂಗಳಿಗೆ 3,150. ಉಳಿಯೋದು 50 ರೂಪಾಯಿ. ಅಂದ್ರೆ ಸರ್ಕಾರ ಆ ಮನೆಗೆ ಕೊಡುವ ನಗದು ಎಲ್ಲಾ ಒಂದೇ ಸಾಮಾನಿಗೆ ಹೋಯ್ತು. ಗೃಹಲಕ್ಷ್ಮಿ ಕಂತು ತಡವಾದ ತಿಂಗಳು ಏನು ಮಾಡಬೇಕು ಅನ್ನೋದು ಬೇರೆ ಮಾತು.

ಖರ್ಚು ಅಲ್ಲಿಗೇ ನಿಲ್ಲಲ್ಲ. ಹಾಸಿಗೆ ಮೇಲೆ ಹಾಸುವ ರಬ್ಬರ್ ಶೀಟ್, ದಿನಾ ಎರಡು ಸಲ ಬಟ್ಟೆ ಒಗೆಯೋಕೆ ಸೋಪಿನ ಪುಡಿ, ಡೆಟಾಲ್, ಚರ್ಮ ಕೆಂಪಾದರೆ ಹಚ್ಚುವ ಮುಲಾಮು, ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ. ಕ್ಯಾಥೆಟರ್ ಹಾಕಿದ್ದರೆ ಅದನ್ನ ಬದಲಿಸಲು ಆಸ್ಪತ್ರೆಗೆ ಕರೆದೊಯ್ಯುವ ಆಟೋ ಬಾಡಿಗೆ ಬೇರೆ. ಹಾಸಿಗೆ ಹಿಡಿದವರನ್ನ ಶಕ್ತಿ ಬಸ್ಸಿನಲ್ಲಿ ಕರೆದೊಯ್ಯೋಕೆ ಆಗಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಯಾರ ಲೆಕ್ಕಕ್ಕೂ ಬರದ ಸೊಸೆಯ ಕೂಲಿ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳಲ್ಲಿ ಹತ್ತು ದಿನ ಕೆಲಸ ತಪ್ಪಿದರೂ 3,700 ರೂಪಾಯಿ ಹೋಯ್ತು. ಡೈಪರ್‌ಗಿಂತ ಅದೇ ಜಾಸ್ತಿ. ಹಾಗಾಗಿ ಡೈಪರ್ ಸಿಗದ ಮನೆಯಲ್ಲಿ ರೊಕ್ಕ ಉಳೀತು ಅಂತ ತಿಳಿಯೋದು ತಪ್ಪು. ಅಲ್ಲಿ ಒಬ್ಬ ಹೆಣ್ಮಗಳ ದಿನ ಪೂರ್ತಿ ಒಗೆಯೋದರಲ್ಲಿ ಹೋಗುತ್ತೆ.

ನಮ್ಮ ಕಡೆ ಹಾಸೋದು ಕೌದಿ. ಹಳೇ ಸೀರೆ ಪದರು ಪದರಾಗಿ ಹೊಲಿದದ್ದು. ಒಣಗಿದ್ದಾಗ ಮೆತ್ತಗೆ, ನೆನೆದರೆ ಇಬ್ಬರು ಹಿಡಿದು ಹಿಂಡಬೇಕು. ನಮ್ಮ ಅಜ್ಜಿ ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಮಳೆಗಾಲದಲ್ಲಿ ಕೌದಿ ಒಣಗೋಕೆ ಮೂರು ದಿನ ಬೇಕಾಗುತ್ತಿತ್ತು, ಮನೆಯಲ್ಲಿದ್ದದ್ದು ನಾಲ್ಕು ಕೌದಿ. ಹಾನಗಲ್, ಹಿರೇಕೆರೂರು ಕಡೆ ಜುಲೈ-ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದವರಿರುವ ಮನೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಳ ಎರಡು ದಿನಕ್ಕೊಮ್ಮೆ ಬರುವ ಊರಲ್ಲಿ ಇನ್ನೂ ಕಷ್ಟ.

ಡೈಪರ್ ಕೊಳ್ಳುವ ಮೊದಲು ಡಾಕ್ಟರ್

ಖರ್ಚು ಕಡಿಮೆ ಮಾಡುವ ಮೊದಲ ದಾರಿ ಅಂಗಡಿಯಲ್ಲಿ ಇಲ್ಲ, ಆಸ್ಪತ್ರೆಯಲ್ಲಿದೆ. ವಯಸ್ಸಾದ ಮೇಲೆ ಇದು ಇದ್ದದ್ದೇ ಅಂತ ಸುಮ್ಮನಾಗೋದರಿಂದ, ವಾಸಿಯಾಗುವ ತೊಂದರೆಗೂ ವರ್ಷಗಟ್ಟಲೆ ಡೈಪರ್ ಹಾಕಿಕೊಂಡು ಕೂತವರಿದ್ದಾರೆ.

ಮೂತ್ರದ ಸೋಂಕು ಇದ್ದರೆ ಔಷಧಿ ಕೋರ್ಸ್‌ನಲ್ಲಿ ಕಡಿಮೆಯಾಗುತ್ತೆ. ಶುಗರ್ ಜಾಸ್ತಿಯಾಗಿ ಪದೇ ಪದೇ ಹೋಗುತ್ತಿದ್ದರೆ ಶುಗರ್ ಹತೋಟಿಗೆ ತಂದರೆ ಅರ್ಧ ತೊಂದರೆ ಇಳಿಯುತ್ತೆ. ಗಟ್ಟಿ ಮಲ ತುಂಬಿಕೊಂಡು ಮೂತ್ರಕೋಶವನ್ನ ಒತ್ತುವುದೂ ಉಂಟು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ ಮೂತ್ರ ಹೆಚ್ಚಿಸುತ್ತವೆ, ಅವನ್ನ ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರನ್ನೇ ಕೇಳಬೇಕು. ತಾವಾಗಿ ನಿಲ್ಲಿಸಬಾರದು. ಪ್ರಾಸ್ಟೇಟ್ ಊತಕ್ಕೆ ಮಾತ್ರೆಯೂ ಇದೆ, ಆಪರೇಷನ್ನೂ ಇದೆ.

ಕೆಮ್ಮಿದಾಗ, ಸೀನಿದಾಗ ಸೋರುವವರಿಗೆ ಒಂದು ಪೈಸೆ ಖರ್ಚಿಲ್ಲದ ವ್ಯಾಯಾಮ ಇದೆ. ಮೂತ್ರ ಬಂದಾಗ ತಡೆದು ಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನ ಒಳಕ್ಕೆ ಬಿಗಿ ಹಿಡಿದು ಐದು ಎಣಿಸಿ ಬಿಡೋದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೂತಲ್ಲೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗಲ್ಲ. ಒಂದು ವಾರಕ್ಕೆ ಫಲ ಕಾಣಲ್ಲ, ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಸರಿಯಾದ ಸ್ನಾಯು ಹಿಡೀತಿದ್ದೀವಾ ಅಂತ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳೋದು ಒಳ್ಳೇದು.

ಮೂತ್ರದಲ್ಲಿ ರಕ್ತ ಬಂದರೆ, ಜ್ವರ ಇದ್ದರೆ, ಅಥವಾ ಇದ್ದಕ್ಕಿದ್ದಂತೆ ಹತೋಟಿ ತಪ್ಪಿ ಜೊತೆಗೆ ಕಾಲು ಜೋಮು ಹಿಡಿದರೆ, ಶಕ್ತಿ ಹೋದರೆ ಮನೆಯಲ್ಲಿ ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಾಸಿಯಾಗದ ತೊಂದರೆ ಇದ್ದವರಿಗೂ ಮೂರು ಡೈಪರ್ ಜಾಗದಲ್ಲಿ ಒಂದರಲ್ಲಿ ಮುಗಿಸುವ ದಾರಿ ಕೆಲವರಿಗೆ ಇದೆ. ಹಗಲು ಎರಡು-ಮೂರು ತಾಸಿಗೊಮ್ಮೆ ಅವರು ಕೇಳುವ ಮೊದಲೇ ಎಬ್ಬಿಸಿ ಕೂರಿಸೋದು, ಅಥವಾ ಬೆಡ್‌ಪ್ಯಾನ್ ಇಡೋದು. ಹಗಲು ಮೆತ್ತನೆಯ ಹಳೇ ಹತ್ತಿ ಬಟ್ಟೆ ಮಡಿಚಿ ಹಾಕಿ, ಡೈಪರನ್ನ ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಮಾತ್ರ ಬಳಸೋದು. ಆಗ ತಿಂಗಳ ಖರ್ಚು 3,150ರಿಂದ 1,050ಕ್ಕೆ ಬರುತ್ತೆ. ಗಂಡಸರಿಗೆ ಹೊರಗಿನಿಂದ ಹಾಕುವ ಕಾಂಡೋಮ್ ಕ್ಯಾಥೆಟರ್ ಆಗುತ್ತಾ ಅಂತ ನರ್ಸ್ ಹತ್ರ ಕೇಳಬಹುದು. ಆದರೆ ದುಡ್ಡು ಉಳಿಸೋಕೆ ಅಂತ ಒದ್ದೆ ಡೈಪರನ್ನೇ ದಿನವಿಡೀ ಬಿಡಬಾರದು. ಮಲ ಆಗಿದ್ದರೆ ತಕ್ಷಣ ಬದಲಿಸಲೇಬೇಕು. ಬೆನ್ನು ಹುಣ್ಣಾದರೆ ಉಳಿಸಿದ್ದರ ಹತ್ತು ಪಟ್ಟು ಆಸ್ಪತ್ರೆಗೆ ಹೋಗುತ್ತೆ.

ಜನೌಷಧಿ ಯೋಜನೆಯಲ್ಲಿ 'ಸ್ವಾಭಿಮಾನ್' ಹೆಸರಲ್ಲಿ ದೊಡ್ಡವರ ಡೈಪರ್ ಇದೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ಸ್ಟಾಕ್ ಇದೆಯಾ, ಇಲ್ಲದಿದ್ದರೆ ತರಿಸಿಕೊಡ್ತೀರಾ ಅಂತ ಕೇಳಿ ನೋಡಿ. ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನ ಮುಚ್ಚಲು ಆದೇಶ ಮಾಡಿ, ವಿಷಯ ಹೈಕೋರ್ಟ್‌ವರೆಗೆ ಹೋಯ್ತು. ಆ ಜಗಳದಲ್ಲಿ ಮಾತ್ರೆಗಳ ಬಗ್ಗೆ ಚರ್ಚೆಯಾಯ್ತು. ಡೈಪರ್ ಸುದ್ದಿ ಬರಲಿಲ್ಲ.

ಯೋಜನೆಗಳು ಇವೆ, ಈ ಖರ್ಚು ಮಾತ್ರ ಇಲ್ಲ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಗೆ. ಮನೆಗೆ ಬಂದ ಮೇಲೆ ದಿನಾ ಬೇಕಾಗುವ ಸಾಮಾನು ಅದರಲ್ಲಿ ಬರಲ್ಲ. ಖಾಸಗಿ ವಿಮೆ ಇದ್ದವರಿಗೂ ಅಷ್ಟೇ. ವಿಮಾ ಪ್ರಾಧಿಕಾರದ ಪಟ್ಟಿಯಲ್ಲೇ ಡೈಪರ್ ಅನ್ನೋದು ಸಾಮಾನ್ಯವಾಗಿ ಹಣ ಕೊಡದ ವಸ್ತುಗಳ ಸಾಲಲ್ಲಿದೆ.

ಅಂಗವೈಕಲ್ಯ ಪ್ರಮಾಣ ಶೇ. 40ರಿಂದ 75 ಇದ್ದರೆ ತಿಂಗಳಿಗೆ 800, ಅದಕ್ಕೂ ಮೇಲೆ ಇದ್ದರೆ 1,400 ರೂಪಾಯಿ ಪಿಂಚಣಿ ಇದೆ. ಮೂತ್ರ ಸೋರಿಕೆಯೊಂದೇ ಇದ್ದರೆ ಸರ್ಟಿಫಿಕೇಟ್ ಸಿಗಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದು ಇಲ್ಲ. ಆದರೆ ಅದಕ್ಕೆ ಕಾರಣವಾದ ಬೆನ್ನುಹುರಿ ಪೆಟ್ಟು, ಲಕ್ವದಿಂದ ಬಂದ ಚಲನೆಯ ತೊಂದರೆ, ಪಾರ್ಕಿನ್ಸನ್ ಇವೆಲ್ಲ ಬರುತ್ತವೆ. ಹಾಸಿಗೆ ಹಿಡಿದ ಎಷ್ಟೋ ಹಿರಿಯರಿಗೆ ಮನೆಯವರು ಯುಡಿಐಡಿ ಕಾರ್ಡ್ ಮಾಡಿಸಿರೋದೇ ಇಲ್ಲ. ವಯಸ್ಸಾಗಿದೆ, ಅಂಗವಿಕಲರಲ್ಲ ಅನ್ನೋ ಲೆಕ್ಕ.

ಅದೇ ಕಾಯ್ದೆಯ 24ನೇ ಸೆಕ್ಷನ್ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತಾಡುತ್ತೆ. ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆಗೆ. ನಮ್ಮ ಲೆಕ್ಕದ ಸೊಸೆ ಅದರಲ್ಲಿ ಬರಲ್ಲ.

ಗಮನಿಸಿದರೆ ಒಂದು ಸಂಗತಿ ಕಾಣುತ್ತೆ. ನಮ್ಮ ವ್ಯವಸ್ಥೆ ಒಂದು ಸಲ ಕೊಟ್ಟು ಮುಗಿಸುವ ವಸ್ತುವನ್ನ ಸಲೀಸಾಗಿ ಕೊಡುತ್ತೆ. ತ್ರಿಚಕ್ರ ವಾಹನ, ಗಾಲಿಕುರ್ಚಿ, ಹೊಲಿಗೆ ಯಂತ್ರ. ಶಾಸಕರು ಬರ್ತಾರೆ, ಕೀಲಿ ಕೊಡ್ತಾರೆ, ಫೋಟೋ ಆಗುತ್ತೆ. ಆ ಫೋಟೋ ನಾವೂ ಹಾಕ್ತೀವಿ. ಡೈಪರ್ ಹಿಡಿದು ಯಾರು ಫೋಟೋಗೆ ನಿಲ್ತಾರೆ? ಕೊಡುವವರಿಗೂ ಮುಜುಗರ, ತಗೊಳ್ಳುವವರಿಗೂ ಮುಜುಗರ. ಜೊತೆಗೆ ಇದು ಪ್ರತಿ ತಿಂಗಳು ಕೊಡಬೇಕಾದ ವಸ್ತು. ಹಾಗಾಗಿ ಪಟ್ಟಿಯಲ್ಲಿ ಸೇರೋದೇ ಇಲ್ಲ.

ಪಂಚಾಯಿತಿಯಲ್ಲಿರುವ ಶೇ. 5

ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮತ್ತು ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನ ವಿಶೇಷಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಹಳ್ಳಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆಂದೇ ಇದ್ದಾರೆ. ತಿಂಗಳ ಖರ್ಚಿಗೆ ಸ್ಥಳೀಯವಾಗಿ ಹಣ ಹುಡುಕೋದಾದರೆ ಹತ್ತಿರದ ಬಾಗಿಲು ಇದೇ.

ಒಂದು ಪಂಚಾಯಿತಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ಸ್ವಂತ ತೆರಿಗೆ ಬರುತ್ತೆ ಅಂದುಕೊಳ್ಳೋಣ. ಅದರ ಶೇ. 5 ಅಂದ್ರೆ 1 ಲಕ್ಷ. ತಿಂಗಳಿಗೆ ಸುಮಾರು 8,300. ರಾತ್ರಿಗೆ ಒಂದು ಡೈಪರ್‌ನಂತೆ ಮನೆಗೆ 1,050 ರೂಪಾಯಿ ಕೊಟ್ಟರೆ ಏಳು ಮನೆ ನಡೆಯುತ್ತವೆ. ಬರೀ 8 ಲಕ್ಷ ತೆರಿಗೆ ಬರುವ ಸಣ್ಣ ಪಂಚಾಯಿತಿಯಲ್ಲಿ ಮೂರು ಮನೆ. ಅಷ್ಟಕ್ಕೇ ಹಣ ಖಾಲಿ. ವಿಶೇಷಚೇತನ ಮಕ್ಕಳ ಓದಿಗೆ, ಔಷಧಿಗೆ, ಸಲಕರಣೆಗೆ ಏನೂ ಉಳಿಯಲ್ಲ. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿದಂತಾಗುತ್ತೆ ಅನ್ನೋ ಆಕ್ಷೇಪಣೆ ಬಂದರೆ ಅದರಲ್ಲಿ ನ್ಯಾಯ ಇದೆ. ಹಾಗಾಗಿ ಪೂರ್ತಿ ಹಣ ಇದಕ್ಕೇ ಕೊಡಿ ಅಂತ ಯಾರೂ ಕೇಳಬೇಕಿಲ್ಲ. ಕ್ರಿಯಾಯೋಜನೆಯಲ್ಲಿ ಇದಕ್ಕೊಂದು ಸಾಲು ಇರಲಿ, ಮನೆ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ಮೊದಲು ಸಿಗಲಿ. ಲೆಕ್ಕ ಸಿಕ್ಕರೆ ಮೇಲಿನವರ ಹತ್ರ ಕೇಳೋಕೆ ಆಧಾರ ಆಗುತ್ತೆ.

ಇಲ್ಲಿ ಪಕ್ಕದ ಕೇರಳ ನೋಡಬೇಕು. 2008ರಲ್ಲೇ ಆ ರಾಜ್ಯ ಉಪಶಾಮಕ ಆರೈಕೆಗೆ ನೀತಿ ಮಾಡಿ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುವ ಕೆಲಸವನ್ನ ಪಂಚಾಯಿತಿಗಳ ಜೊತೆ ಜೋಡಿಸಿತು. ಮನೆಗೆ ಹೋದವರಿಗೆ ಮಾತ್ರ ಕೌದಿ ಒದ್ದೆ ಇದ್ದದ್ದು ಕಾಣುತ್ತೆ. ನಮ್ಮಲ್ಲೂ ಮನೆ ಬಾಗಿಲಿಗೆ ಹೋಗುವವರು ಇದ್ದಾರೆ. ಆಶಾ ಕಾರ್ಯಕರ್ತೆಯರು ಇದ್ದಾರೆ, ಬಿ.ಪಿ., ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಅವರ ಫಾರಂನಲ್ಲಿ ಮೂತ್ರ ತಡೆದುಕೊಳ್ಳೋಕೆ ತೊಂದರೆ ಇದೆಯಾ ಅನ್ನೋ ಒಂದು ಪ್ರಶ್ನೆ ಸೇರಿಸಿದರೆ ಸಾಕು. ಕೇಳುವವರು ಹೆಣ್ಮಕ್ಕಳೇ ಆದ್ದರಿಂದ ಹೆಣ್ಮಕ್ಕಳು ಉತ್ತರ ಕೊಟ್ಟಾರು.

ಬಳಸಿದ ಮೇಲೆ ಎಲ್ಲಿಗೆ?

ಇನ್ನೊಂದು ಖರ್ಚು ಊರಿನದ್ದು. ಬಳಸಿದ ಡೈಪರ್ ಹಳ್ಳಕ್ಕೆ, ಕೆರೆ ಏರಿ ಮೇಲೆ, ತಿಪ್ಪೆಗೆ ಬೀಳುತ್ತಿದೆ. ಒದ್ದೆ ಡೈಪರ್ ಸುಟ್ಟರೆ ಪೂರ್ತಿ ಉರಿಯಲ್ಲ, ಪ್ಲಾಸ್ಟಿಕ್ ಹೊಗೆ ಬರುತ್ತೆ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಬಳಸಿದ ಡೈಪರನ್ನ ನೈರ್ಮಲ್ಯ ತ್ಯಾಜ್ಯ ಅಂತ ಹೆಸರಿಸಿ, ಸುತ್ತಿ ಪ್ರತ್ಯೇಕವಾಗಿ ಕೊಡಬೇಕು ಅಂತ ಹೇಳಿತು. ಸ್ವಚ್ಛವಾಹಿನಿ ಗಾಡಿ ಓಡಿಸುವ ನಮ್ಮ ಸಂಘದ ಹೆಣ್ಮಕ್ಕಳು ಅದನ್ನ ಬರಿಗೈಲಿ ಬಿಡಿಸುವ ಸ್ಥಿತಿ ಬರಬಾರದು. ಮಲವನ್ನ ಶೌಚಾಲಯಕ್ಕೆ ಹಾಕಿ, ಡೈಪರ್ ಸುತ್ತಿ, ಹಳೇ ಪೇಪರ್‌ನಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಮಾಡಿ ಬೇರೆಯಾಗಿ ಕೊಡಿ. ಪಂಚಾಯಿತಿ ಅವರಿಗೆ ಗ್ಲೌಸ್ ಕೊಡಲಿ.

ಏನು ಕೇಳಬೇಕು?

ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ಪಂಚಾಯಿತಿಯ ಪಿಡಿಒ ಅಥವಾ ಪುನರ್ವಸತಿ ಕಾರ್ಯಕರ್ತರ ಹತ್ರ ಮೂರು ವಿಷಯ ಕೇಳಿ. ಕಳೆದ ವರ್ಷ ಶೇ. 5ರ ಹಣ ಎಷ್ಟಿತ್ತು, ಯಾವುದಕ್ಕೆ ಖರ್ಚಾಯ್ತು? ಹಾಸಿಗೆ ಹಿಡಿದವರ ಪಟ್ಟಿ ಇದೆಯಾ? ಡೈಪರ್, ರಬ್ಬರ್ ಶೀಟ್, ಗಾಳಿ ಹಾಸಿಗೆಯನ್ನ ಕ್ರಿಯಾಯೋಜನೆಯಲ್ಲಿ ಸೇರಿಸ್ತೀರಾ? ಬಾಯಿ ಮಾತಲ್ಲಿ ಬೇಡ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಸಭೆಯಲ್ಲಿ ಎದ್ದು ನಿಂತು ಮನೆಯವರ ಹೆಸರು ಹೇಳಬೇಕಾಗಿಲ್ಲ. ನಾಲ್ಕು ಮನೆಯವರು ಸೇರಿ ಒಂದೇ ಅರ್ಜಿ ಕೊಡಬಹುದು, ಇಲ್ಲವೇ ಸ್ತ್ರೀಶಕ್ತಿ ಸಂಘದ ಹೆಸರಲ್ಲಿ ಕೊಡಬಹುದು. ಮಂಜೂರಾದ ಸಾಮಾನನ್ನ ಸಮಾರಂಭ ಮಾಡದೆ, ಫೋಟೋ ತೆಗೆಯದೆ ಮನೆಗೆ ತಲುಪಿಸಬೇಕು ಅಂತಲೂ ಅರ್ಜಿಯಲ್ಲೇ ಬರೆಯಿರಿ. ಹಿರಿಯರಿಗೆ ಸಂಬಂಧಿಸಿದ ಮಾಹಿತಿಗೆ 14567 ಸಹಾಯವಾಣಿ ಇದೆ.

ಶಾಲಾ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡೋದು ಶುರುವಾದಾಗಲೂ ಅದು ಬಾಯಿಬಿಟ್ಟು ಹೇಳುವ ಮಾತಾಗಿರಲಿಲ್ಲ. ಈಗ ಪ್ಯಾಡ್ ಬರುವುದು ತಡವಾದರೆ ಸುದ್ದಿಯಾಗುತ್ತೆ, ಅಧಿಕಾರಿಗಳನ್ನ ಪ್ರಶ್ನೆ ಮಾಡ್ತೀವಿ. ಹಾಸಿಗೆ ಹಿಡಿದ ಅಜ್ಜಿಯ ವಿಷಯದಲ್ಲೂ ಅದೇ ಪ್ರಶ್ನೆ ಕೇಳುವ ದಿನ ಬರಬೇಕಾದರೆ ಮೊದಲ ಅರ್ಜಿ ಯಾರಾದರೂ ಹಾಕಬೇಕು. ನಿಮ್ಮ ಪಂಚಾಯಿತಿಯಲ್ಲಿ ಅರ್ಜಿ ಹಾಕಿದರೆ, ಅಥವಾ ಅರ್ಜಿ ತಗೊಳ್ಳಲ್ಲ ಅಂದರೆ, ನಮಗೆ ತಿಳಿಸಿ. ಹೆಸರು ಹಾಕದೆ ಬರೆಯುತ್ತೇವೆ.